ಮಾಮಾ ಬೇಲಿಯ ಹೊರಗೆ ಕುಳಿತದ್ದು

ನಮ್ಮ ಮಾಮಾನ ಎದುರಿಗೆ ‘ಸ್ವಲ್ಪ’ ಎನ್ನುವ ಶಬ್ದವನ್ನು ಒಮ್ಮೆ ಆಡಿ ನೋಡಿ. ಆಮೇಲೆ ನನ್ನನ್ನು ಬೈಯಬೇಡಿ!

“ಸ್ವಲ್ಪ ಚಹಾ ತಗೋತೀರೇನ್ರಿ?” ಎಂದು ಯಾರಾದರೂ ಉಪಚಾರಕ್ಕೆ ಕೇಳಿದರೆ, “ಸ್ವಲ್ಪ ಅಂದ್ರ ಎಷ್ಟು?” ಎಂದು ತಿರುಗಿ ಕೇಳುತ್ತಾರೆ. ತಮಾಷೆಗೆ ಕೇಳುತ್ತಾರೆ ಅಂದುಕೊಂಡಿರೇನು? ಇಲ್ಲ. ಉತ್ತರ ಬರುವವರೆಗೆ ಕಾಯುತ್ತಾರೆ. ನನಗೆ ಗಂಡು ನೋಡುತ್ತಿದ್ದ ಕಾಲದಲ್ಲಿ ಮಧ್ಯಸ್ಥರೊಬ್ಬರು, “ಹುಡುಗ ಸ್ವಲ್ಪ ಕುಳ್ಳ, ಆದ್ರ ಸ್ವಭಾವ ಭಾಳ ಛಲೋ” ಎಂದರು. ಮಾಮಾ ಎದ್ದು ಒಳಗೆ ಹೋಗಿ ಅಳತೆಯ ಟೇಪು ತಂದು ಮೇಜಿನ ಮೇಲಿಟ್ಟು, “ತೋರಸ್ರಿ” ಎಂದರು. ಸ್ವಭಾವವನ್ನು ಅಳೆಯಲು ಇನ್ನೇನು ತರುತ್ತಾರೋ ಎಂದು ಹೆದರಿದ ಮಧ್ಯಸ್ಥರು ಅಷ್ಟರಲ್ಲಿ ಚಪ್ಪಲಿ ಮೆಟ್ಟಿಕೊಂಡಾಗಿತ್ತು. ಆ ಹುಡುಗ ಎಷ್ಟು ಕುಳ್ಳನೆಂದು ನನಗೆ ಇಂದಿಗೂ ಗೊತ್ತಿಲ್ಲ.

ಅವರದು ಹುಟ್ಟುಗುಣವೋ, ನೌಕರಿ ಅಂಟಿಸಿದ ಗುಣವೋ ಹೇಳುವುದು ಕಷ್ಟ. ಮಾಮಾ ನನ್ನ ಅವ್ವನ ಅಣ್ಣ. ಸರಕಾರದ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ಅವರ ಅಪ್ಪ ಬಾಗಲಕೋಟೆ ಕಡೆಯಿಂದ ನೌಕರಿಗೆಂದು ಹೈದರಾಬಾದಿಗೆ ಬಂದರು, ಮಕ್ಕಳು ಇಲ್ಲಿಯೇ ಉಳಿದರು. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಸಂತೆಯಲ್ಲಿ ಹಿಂದಿ, ಸಿಟ್ಟು ಬಂದರೆ ಮೂರೂ. ಸನತ್‌ನಗರದ ತರಕಾರಿ ಮಾರುವವರಿಗೆಲ್ಲ ಮಾಮಾ ಗೊತ್ತು. ನಿವೃತ್ತರಾಗಿ ಇಷ್ಟು ವರ್ಷವಾದರೂ ಜೇಬಿನಲ್ಲಿ ಇನ್ನೂರು ಗ್ರಾಮಿನ ತೂಕದ ಕಲ್ಲು ಇಟ್ಟುಕೊಂಡೇ ಸಂತೆಗೆ ಹೋಗುತ್ತಾರೆ. “ಅಜಿ ಸಾಬ್, ಅಬ್ ತೋ ಛೋಡ್ ದೋ, ರಿಟೈರ್ ಹೋಗಯೇ ನಾ ಆಪ್!” ಎಂದು ಟೊಮೆಟೊ ಮಾರುವವನು ಇನ್ನಾದರೂ ಬಿಟ್ಟುಬಿಡಿ ಎನ್ನುವ ಹಾಗೆ ಕೈಮುಗಿದರೆ, “ನಾನು ಆಗೀನಿ, ನನ್ನ ಕಲ್ಲು ರಿಟೈರ್ ಆಗಿಲ್ಲ” ಎಂದು ಅವನಿಗೆ ತಿಳಿಯದ ಕನ್ನಡದಲ್ಲಿ ಹೇಳಿ ಬರುತ್ತಾರೆ.

ಇಂಥವರಿಗೆ ಸಿಕ್ಕ ಹೆಂಡತಿ ಎಂಥವರು ಅಂತೀರಿ? ಅಳತೆಯೇ ಇಲ್ಲದ ಮಾತು! ಮಾಮಿ ಶಾಲೆಯಲ್ಲಿ ಹಿಂದಿ ಶಿಕ್ಷಕಿ. ದಿನವಿಡೀ ಮಕ್ಕಳ ಮುಂದೆ ಮಾತಾಡಿ ಬಂದವರು ಮನೆಗೆ ಬಂದು ಸುಮ್ಮನಾಗಬೇಕಲ್ಲ? ಇಲ್ಲ. ಪಾತ್ರೆಯ ಸಂಗಡ, ಪಕ್ಕದ ಮನೆಯ ಬೆಕ್ಕಿನ ಸಂಗಡ, ಕುಕ್ಕರಿನ ಸೀಟಿಯ ಸಂಗಡ ಮಾತು. ಮಾಮಾ ಆ ಮನೆಯಲ್ಲಿ ಮಾತಾಡುತ್ತಿದ್ದುದು ಕಡಿಮೆ. ಸಂದು ಸಿಗಬೇಕಲ್ಲ!

ಅಂಥ ಮಾಮಿ ಒಂದು ಬೇಸಿಗೆಯಲ್ಲಿ ಸುಮ್ಮನಾದರು.

ಯಾರೂ ಸತ್ತಿರಲಿಲ್ಲ. ಯಾರೂ ಏನೂ ಅಂದಿರಲಿಲ್ಲ. ಮೊದಲು ಬೆಕ್ಕಿನ ಸಂಗಡ ಮಾತು ನಿಂತಿತು, ಆಮೇಲೆ ನಮ್ಮ ಸಂಗಡ. ಶಾಲೆಗೆ ರಜೆ ಹಾಕಿದರು, ಆಮೇಲೆ ಬಿಟ್ಟೇಬಿಟ್ಟರು. ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ಬಳಗದವರೆಲ್ಲ ಬಂದು ಬುದ್ಧಿ ಹೇಳಿದ್ದೇ ಹೇಳಿದ್ದು. ನನ್ನ ದೊಡ್ಡಮ್ಮನೊಬ್ಬಳು ಮಂಚದ ಅಂಚಿಗೆ ಕುಳಿತು, “ಮನಸ ಗಟ್ಟಿ ಮಾಡ್ಕೋಬೇಕವಾ” ಎಂದದ್ದಕ್ಕೆ ಮಾಮಾ ಬಾಗಿಲಲ್ಲಿ ನಿಂತು, “ಕಾಲ ಮುರದಾವಗ ಕಾಲ ಗಟ್ಟಿ ಮಾಡ್ಕೋ ಅಂತೀಯೇನು?” ಎಂದರು. ದೊಡ್ಡಮ್ಮ ಆರು ತಿಂಗಳು ಆ ಮನೆಗೆ ಬರಲಿಲ್ಲ. ಅದೊಂದು ಲಾಭ.

ಡಾಕ್ಟರು ಇದು ಖಿನ್ನತೆ, ಗುಳಿಗೆ ತಪ್ಪಿಸಬೇಡಿ, ನಿಧಾನಕ್ಕೆ ಸುಧಾರಿಸುತ್ತದೆ ಎಂದರು. ನಿಧಾನ! ಮಾಮಾನಿಗೆ ಹೇಳುವ ಮಾತೇ ಅದು? “ಎಷ್ಟು ನಿಧಾನ್ರಿ? ಹೋದ ತಿಂಗಳಕ್ಕಿಂತ ಈ ತಿಂಗಳ ಎಷ್ಟು ಆರಾಮ ಆಗ್ಯಾಳ?” ಎಂದು ಪ್ರತಿ ಸಲವೂ ಕೇಳುತ್ತಿದ್ದರು. ಡಾಕ್ಟರು ಪಾಪ ಕೈಯಾಡಿಸಿ, “ಟೈಮ್ ಪಡುತುಂದಿ ಸಾರ್” ಎನ್ನುತ್ತಿದ್ದರು, ಸಮಯ ಹಿಡಿಯುತ್ತದೆ ಎಂದು. ಮಾಮಾ ಮನೆಗೆ ಬಂದು ಕ್ಯಾಲೆಂಡರ್ ಮುಂದೆ ನಿಂತುಕೊಂಡು ಬಿಡುತ್ತಿದ್ದರು. ಜೀವನವೆಲ್ಲ ಬೇರೆಯವರ ತಕ್ಕಡಿಯ ಮುಳ್ಳು ನೋಡಿದ ಮನುಷ್ಯನಿಗೆ ಮನೆಯಲ್ಲಿ ನೋಡಲು ಒಂದು ಮುಳ್ಳೂ ಇರಲಿಲ್ಲ.

ಇನ್ನೊಂದು ಸಂಗತಿ. ಊರಿಗೆಲ್ಲ ನಾವು ಹೇಳಿದ್ದು ಥೈರಾಯ್ಡ್ ಎಂದು. ಮಾಮಾನೇ ಹಾಗೆ ಹೇಳಲು ಶುರುಮಾಡಿದ್ದು. ತಪ್ಪು ತೂಕಕ್ಕೆ ಎಷ್ಟು ಅಂಗಡಿಗಳಿಗೆ ಬೀಗ ಹಾಕಿಸಿದ ಮನುಷ್ಯ!

ನಾನು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಪ್ರೊಫೆಸರಾ ಎಂದು ಕೇಳಬೇಡಿ, ಆಫೀಸಿನಲ್ಲಿ ಗುಮಾಸ್ತೆ. ಮಾಮಿ ಮಲಗಿ ಎರಡು ವರ್ಷವಾಗುತ್ತ ಬಂದಾಗ ನಮ್ಮ ವಿಭಾಗದ ಪ್ರೊಫೆಸರ್ ಮೇಡಂ ಒಂದು ಸಂಶೋಧನೆ ಶುರುಮಾಡಿದರು. ತೋಟದ ಕೆಲಸದಿಂದ ಮನಸ್ಸಿನ ಕಾಯಿಲೆ ಇದ್ದವರಿಗೂ ಅವರನ್ನು ನೋಡಿಕೊಳ್ಳುವ ಮನೆಯವರಿಗೂ ಏನಾದರೂ ಅನುಕೂಲ ಆಗುತ್ತದೆಯೇ ಎಂದು ನೋಡುವುದು. ಸನತ್‌ನಗರದಲ್ಲಿ ಕಾರ್ಖಾನೆ ಕೆಲಸಗಾರರ ಮನೆಗಳ ಹಿಂದೆ ಒಂದು ಖಾಲಿ ಜಾಗ ಸಿಕ್ಕಿತು. ತಂತಿ ಬೇಲಿ ಹಾಕಿ ಸೊಪ್ಪು ತರಕಾರಿಗೆ ಮಡಿ ಮಾಡಿಸಿದರು. ಕಲಿಸಲು ಸಾಬವ್ವ ಎನ್ನುವವಳನ್ನು ಇಟ್ಟುಕೊಂಡರು. ಯಾದಗಿರಿ ಕಡೆಯವಳು, ಕಟ್ಟಡದ ಕೆಲಸಕ್ಕೆ ಬಂದವಳು, ಮಣ್ಣು ಮುಟ್ಟಿದರೆ ಸೊಪ್ಪು ಏಳುವ ಕೈ ಅವಳದು.

ಕರಪತ್ರವನ್ನು ನಾನೇ ಮಾಮಾನ ಮನೆಗೆ ಒಯ್ದೆ. ಗುಳಿಗೆಯ ಜೊತೆಗೆ ಇದೂ ಇರಲಿ ಎಂದು ಡಾಕ್ಟರು ಒಪ್ಪಿದರು. ಮಾಮಿ ಗೋಡೆಯ ಕಡೆಯಿಂದಲೇ, “ಅವರು ಬಂದ್ರ ಬರ್ತೀನಿ” ಎಂದರು. ಹೀಗೆ ರೋಗಿಯೆಂದು ಮಾಮಿ, ನೋಡಿಕೊಳ್ಳುವವರೆಂದು ಮಾಮಾ, ಇಬ್ಬರ ಹೆಸರೂ ಹತ್ತಿತು.

ಮೊದಲ ದಿನವೇ ರಗಳೆ. ಸಂಶೋಧನೆ ಎಂದಮೇಲೆ ಪ್ರಶ್ನೆಗಳ ಹಾಳೆ ಇರಲೇಬೇಕಲ್ಲ. ‘ಕಳೆದ ವಾರ ನಿಮಗೆ ಎಷ್ಟು ದುಃಖ ಅನಿಸಿತು? ಒಂದರಿಂದ ಐದರೊಳಗೆ ಗುರುತಿಸಿ.’ ಮಾಮಾ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

“ಈ ಐದು ಯಾರು ಇಟ್ಟಿದ್ದು?”

“ಸಾರ್, ಐದು ಅಂದರೆ ತುಂಬ ದುಃಖ” ಎಂದರು ಮೇಡಂ ತೆಲುಗಿನಲ್ಲಿ.

“ಯಾರ ತುಂಬ? ನನ್ನ ಐದೂ ಅಕೀ ಐದೂ ಒಂದ ಏನು? ಒಂದು ಕಿಲೋದ ಕಲ್ಲಿಗೆ ಸರಕಾರದ ಮುದ್ರಿ ಇರತೈತಿ. ದುಃಖದ ಕಲ್ಲು ಎಲ್ಲಿ ಇಟ್ಟೀರಿ? ಮುದ್ರಿ ಯಾರು ಒತ್ತ್ಯಾರ?”

ನಾನು ನಾಚಿಕೆಯಿಂದ ಅನುವಾದ ಮಾಡಿದೆ, ಕಡಿಮೆ ಖಾರ ಹಾಕಿ. ಆದರೆ ಮೇಡಂ ನಗಲಿಲ್ಲ, ಸಿಟ್ಟಾಗಲೂ ಇಲ್ಲ. “ಮುದ್ರೆಯ ಕಲ್ಲು ನಮ್ಮ ಹತ್ತಿರ ಇಲ್ಲ ಸಾರ್. ಅದೇ ನಮ್ಮ ಕಷ್ಟ. ಒಬ್ಬೊಬ್ಬರ ಈ ವಾರವನ್ನು ಅವರದೇ ಮುಂದಿನ ವಾರದ ಪಕ್ಕ ಇಟ್ಟು ನೋಡುತ್ತೇವೆ, ಅಷ್ಟೇ” ಎಂದರು. ಮಾಮಾ ಹಾಳೆಯನ್ನು ಮತ್ತೆ ಹತ್ತಿರ ಎಳೆದುಕೊಂಡರು. ಹೊರಗೆ ಬಂದು ನನಗೆ, “ಗೊತ್ತಿಲ್ಲ ಅನ್ನೂ ಮಾಸ್ತರನ್ನ ಇವತ್ತ ನೋಡಿದೆ. ನೀ ಛಲೋ ಕಡೆ ಕೆಲಸಕ್ಕಿದ್ದೀ” ಎಂದರು. ಆದರೂ ಹಾಳೆಯಲ್ಲಿ ಸಂಖ್ಯೆ ಹಾಕಲಿಲ್ಲ. ಅಂಚಿನಲ್ಲಿ ‘ಮಂಗಳವಾರ ಬ್ಯಾಸರ ಇತ್ತು, ಮಳೆ ಬಂದಮ್ಯಾಲೆ ಹೋತು’ ಎಂದು ಬರೆದಿದ್ದರು. ಅದನ್ನು ಕಂಪ್ಯೂಟರಿಗೆ ಹೇಗೆ ಹಾಕಬೇಕೆಂದು ವಿಭಾಗದಲ್ಲಿ ಒಂದು ಸಭೆಯೇ ಆಯಿತು.

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಬಂದವರನ್ನು ಎರಡು ಗುಂಪು ಮಾಡಬೇಕು. ಒಂದು ಗುಂಪು ಎಂಟು ವಾರ ತೋಟದಲ್ಲಿ ಕೆಲಸ ಮಾಡುತ್ತದೆ. ಇನ್ನೊಂದು ಗುಂಪು ಸುಮ್ಮನೆ ಕಾಯುತ್ತದೆ, ಅವರ ಸರದಿ ಎಂಟು ವಾರದ ನಂತರ. ಯಾರು ಯಾವುದಕ್ಕೆ ಎನ್ನುವುದನ್ನು ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಆರಿಸುತ್ತದೆ. ಆರಿಸಿತು. ಮಾಮಿ ತೋಟಕ್ಕೆ, ಮಾಮಾ ಕಾಯುವುದಕ್ಕೆ!

“ಅಕೀ ಒಬ್ಬಾಕಿನ ಹೋಗಾಂಗಿಲ್ಲ” ಎಂದರು ಮಾಮಾ. ಗಂಡ ಹೆಂಡತಿಯನ್ನು ಒಂದೇ ಗುಂಪಿಗೆ ಹಾಕಿಕೊಡಿ ಎಂದು ನಾನೂ ಕೇಳಿನೋಡಿದೆ. ಮೇಡಂ ತಲೆಯಾಡಿಸಿದರು. ಹಾಗೆ ಒಬ್ಬೊಬ್ಬರಿಗೆ ಬದಲಿಸುತ್ತ ಹೋದರೆ ಆ ಸಂಶೋಧನೆ ಕಲಬೆರಕೆಯಾಗುತ್ತದೆ ಎಂದರು. ‘ಕಲಬೆರಕೆ’ ಎಂಬ ಶಬ್ದ ಕೇಳಿದ್ದೇ ತಡ, ಮಾಮಾ ನೆಟ್ಟಗೆ ಕುಳಿತರು. “ಹಂಗಿದ್ರ ಬ್ಯಾಡ. ನಾ ಹೊರಗ ಇರ್ತೀನಿ.”

ಹೊರಗೆ ಎಂದರೆ ಎಷ್ಟು ಹೊರಗೆ? ಮಡಚುವ ಕುರ್ಚಿ ಒಯ್ದು ತಂತಿ ಬೇಲಿಗೆ ಅಂಟಿಕೊಂಡು, ಆದರೆ ಬೇಲಿಯಿಂದ ಆಚೆಗೆ, ಹಾಕಿಕೊಂಡರು. ವಾರಕ್ಕೆ ಎರಡು ಬೆಳಿಗ್ಗೆ ಮಾಮಿಯನ್ನು ಗೇಟಿನವರೆಗೆ ಕರೆತರುವುದು, ಕುರ್ಚಿಯಲ್ಲಿ ಕೂರುವುದು, ಮುಗಿದ ಮೇಲೆ ಕರೆದೊಯ್ಯುವುದು. ಒಂದು ದಿನ ಸಾಬವ್ವನ ನೀರಿನ ಡಬ್ಬಿ ಉರುಳಿ ಬೇಲಿಯ ಕೆಳಗಿನಿಂದ ಮಾಮಾನ ಕಾಲಿನ ಹತ್ತಿರ ಬಂತು.

“ಸಾಹೇಬ್ರ, ಆ ಡಬ್ಬಿ ಈ ಕಡಿ ಕೊಡ್ರಿ.”

“ಕೊಡಬಹುದೋ ಇಲ್ಲೋ ಕೇಳತೀನಿ ತಡಿ” ಎಂದು ಮಾಮಾ ನನಗೆ ಫೋನು ಮಾಡಿದರು!

ನಾನು ಮೇಡಂರನ್ನು ಕೇಳಿದೆ. ಮೇಡಂ ಗಂಭೀರವಾಗಿ ಯೋಚಿಸಿ, ಡಬ್ಬಿ ಕೊಡಬಹುದು, ನೀರು ಹಾಕಬಾರದು ಎಂದರು. ಅಷ್ಟರಲ್ಲಿ ಸಾಬವ್ವ ಸುತ್ತು ಹಾಕಿ ಬಂದು ತಾನೇ ಡಬ್ಬಿ ಎತ್ತಿಕೊಂಡಿದ್ದಳು. “ಇಂಥಾ ಮನಷ್ಯಾನ ಸಂಗಾಟ ನಮ್ಮ ಅಕ್ಕೋರು ಹ್ಯಾಂಗ ಬಾಳ್ಯಾ ಮಾಡ್ಯಾರೋ” ಎಂದು ಆಕೆ ನಕ್ಕರೆ, ಮಡಿಯ ಹತ್ತಿರ ಕುಳಿತಿದ್ದ ಮಾಮಿಯ ತುಟಿಯ ಮೂಲೆಯಲ್ಲಿ ಏನೋ ಅಲುಗಿತಂತೆ. ಇದು ಸಾಬವ್ವನ ವರದಿ.

ಮನೆಯಲ್ಲಿ ಇನ್ನೊಂದು ಪೀಕಲಾಟ. ಬಾಲ್ಕನಿಯಲ್ಲಿ ಒಂದು ತುಳಸಿಯ ಕುಂಡವಿತ್ತು. ಮಾಮಿ ಮಲಗಿದ ಮೇಲೆ ಅದಕ್ಕೆ ನೀರು ಹಾಕುತ್ತಿದ್ದವರು ಮಾಮಾ. ಈಗ ಅದೂ ತೋಟದ ಕೆಲಸವೇ ಅಲ್ಲವೇ? ಕಾಯುವ ಗುಂಪಿನವನು ಗಿಡಕ್ಕೆ ನೀರು ಹಾಕಿದರೆ ಸಂಶೋಧನೆ ಕೆಡುವುದಿಲ್ಲವೇ? ಬಿಟ್ಟರು. ತುಳಸಿ ಬಾಡತೊಡಗಿತು. ಪರಿಣಾಮವಾಗಿ ಎಂಟು ವಾರ ದಿನಾ ಆಫೀಸು ಬಿಟ್ಟ ಮೇಲೆ ಬೇಗಂಪೇಟೆಯಿಂದ ಬಸ್ಸು ಹಿಡಿದು ಸನತ್‌ನಗರಕ್ಕೆ ಹೋಗಿ ಒಂದು ಚೊಂಬು ನೀರು ಹಾಕಿ ಬಂದವಳು ನಾನು. ಯಾವ ಗುಂಪಿಗೂ ಸೇರದ ನನ್ನ ದುಃಖವನ್ನು ಒಂದರಿಂದ ಐದರೊಳಗೆ ಗುರುತಿಸಲು ಯಾರೂ ಹೇಳಲಿಲ್ಲ!

ಮೂರನೆಯ ವಾರ ಆಫೀಸಿನಲ್ಲಿದ್ದಾಗ ಮಾಮಾನ ಫೋನು ಬಂತು. ದನಿ ನಡುಗುತ್ತಿತ್ತು. ನಾನು ಕುರ್ಚಿಯಿಂದ ಎದ್ದು ಚೀಲ ಎತ್ತಿಕೊಂಡೆ.

“ಅಕೀ ತಪ್ಪು ತಿದ್ದಿದಳವಾ!”

ಏನಾಗಿತ್ತು ಎಂದರೆ, ಮಡಿಗಳಲ್ಲಿ ಯಾವ ಸೊಪ್ಪು ಎಲ್ಲಿದೆ ಎಂದು ತಿಳಿಯಲು ವಿಭಾಗದಿಂದ ಕಟ್ಟಿಗೆಯ ಪಟ್ಟಿಗಳ ಮೇಲೆ ತೆಲುಗು, ಹಿಂದಿಯಲ್ಲಿ ಹೆಸರು ಬರೆದು ನೆಟ್ಟಿದ್ದರು. ಮೆಂತ್ಯದ ಹಿಂದಿ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು. ಎರಡು ವಾರ ಅದರ ಮುಂದೆ ಸುಮ್ಮನೆ ಕುಳಿತಿದ್ದ ಮಾಮಿ ಆ ದಿನ ಪಟ್ಟಿಯನ್ನು ಕಿತ್ತು, ಮಣ್ಣು ಒರೆಸಿ, ಮೇಡಂ ಕೈಯಿಂದ ಪೆನ್ನು ಇಸಿದುಕೊಂಡು ತಿದ್ದಿ, ಮತ್ತೆ ನೆಟ್ಟರಂತೆ. ಬೇಲಿಯ ಹೊರಗೆ ಮಾಮಾ ಎದ್ದು ನಿಂತರು, ಕುಳಿತರು, ಮತ್ತೆ ನಿಂತರಂತೆ. “ಇಂಥಾ ಸಣ್ಣ ತಪ್ಪು ಯಾವ ದಡ್ಡ ಬರದಿದ್ದನೋ, ಅವಂಗ ನೂರು ವರ್ಷ ಆಯುಷ್ಯ ಬರಲಿ” ಎಂದರು.

ಆ ಪಟ್ಟಿ ಬರೆದವಳು ನಾನೇ. ಆಶೀರ್ವಾದವನ್ನು ಸುಮ್ಮನೆ ಇಟ್ಟುಕೊಂಡೆ.

ಆರನೆಯ ವಾರ ಉಪ್ಪಲ್‌ನ ಸಮುದಾಯ ಭವನದಲ್ಲಿ ಮೇಡಂ ಜನರಿಗಾಗಿ ಒಂದು ಕಾರ್ಯಕ್ರಮ ಇಟ್ಟರು. ಮನಸ್ಸಿನ ಕಾಯಿಲೆ ಎಂದರೇನು, ತೋಟದ ಕೆಲಸ ಅದಕ್ಕೆ ಹೇಗೆ ನೆರವಾದೀತು ಎಂದು ತೆಲುಗಿನಲ್ಲಿ ತಿಳಿಸಿ ಹೇಳುವುದು. ಭವನ ತುಂಬಿತ್ತು, ಆದರೆ ಜನ ಕೇಳಿದ ಮೊದಲ ಮೂರು ಪ್ರಶ್ನೆ ನಿಂಬೆಗಿಡ ಕಾಯಿ ಯಾಕೆ ಬಿಡುವುದಿಲ್ಲ ಎನ್ನುವುದರ ಬಗ್ಗೆ. ಮೇಡಂ ಬೆವರೊರೆಸಿಕೊಂಡರು. ಆಗ ಒಬ್ಬರು ಎದ್ದು ಮೈಕು ಹಿಡಿದು, ಇದೆಲ್ಲ ದೊಡ್ಡವರು ಬಹಳ ಹಿಂದೆಯೇ ಕಂಡುಕೊಂಡದ್ದು, ಗಿಡ ನೆಟ್ಟರೆ ಸಾಕು, ಗುಳಿಗೆಗಳನ್ನೆಲ್ಲ ಇವತ್ತೇ ಚರಂಡಿಗೆ ಚೆಲ್ಲಿ ಎಂದರು. ಜನ ಚಪ್ಪಾಳೆ ಹೊಡೆದರು!

ಮೇಡಂ ಬಾಯಿ ತೆರೆಯುವುದರೊಳಗೆ ನನ್ನ ಪಕ್ಕದಿಂದ ಮಾಮಾ ಎದ್ದಿದ್ದರು. ಮಾಮಿ ಅವರ ಆ ಪಕ್ಕದಲ್ಲಿದ್ದರು. ಮಾಮಾನ ತೆಲುಗು ಸಂತೆಯ ತೆಲುಗು, ಸುತ್ತುಬಳಸು ಇಲ್ಲದ್ದು. ಅವರು ಹೇಳಿದ್ದು ಇಷ್ಟು: “ಈ ಮೇಡಂ ವಾಸಿಯಾಗುತ್ತದೆ ಎಂದು ಹೇಳಿಲ್ಲ. ನೋಡುತ್ತಿದ್ದೇವೆ ಎಂದು ಹೇಳಿದ್ದಾರೆ. ನೋಡಿ ಮುಗಿಯುವವರೆಗೆ ಚಪ್ಪಾಳೆ ಬೇಡ. ನನ್ನ ಹೆಂಡತಿಗೆ ಖಿನ್ನತೆ ಇದೆ. ಎರಡು ವರ್ಷ ನಾನು ಎಲ್ಲರಿಗೂ ಥೈರಾಯ್ಡ್ ಎಂದು ಸುಳ್ಳು ಹೇಳಿದೆ. ಅವಳು ಗುಳಿಗೆಯನ್ನೂ ತೆಗೆದುಕೊಳ್ಳುತ್ತಾಳೆ, ಮಣ್ಣಿಗೂ ಕೈ ಹಾಕುತ್ತಾಳೆ. ಚರಂಡಿಗೆ ಚೆಲ್ಲಿ ಎನ್ನುವವರು ಮೊದಲು ನನ್ನ ಮನೆಗೆ ಬಂದು ಆ ಎರಡು ವರ್ಷ ಇದ್ದು ತೋರಿಸಲಿ.”

ಮೈಕು ಹಿಡಿದವರು ಕುಳಿತರು. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು, ನಿಂಬೆಗಿಡದ ಬಗ್ಗೆ ಅಲ್ಲ, ತನ್ನ ತಮ್ಮನ ಬಗ್ಗೆ ಕೇಳಿದಳು. ಅವಳ ನಂತರ ಇನ್ನೊಬ್ಬರು. ಕಾರ್ಯಕ್ರಮ ಮುಗಿಯುವಾಗ ಬಾಗಿಲು ಹಾಕುವವನು ಬಂದು ಎರಡು ಸಲ ಕೆಮ್ಮಬೇಕಾಯಿತು.

ನಾನು ಮಾತ್ರ ಮಾಮಿಯ ಮುಖ ನೋಡುತ್ತಿದ್ದೆ. ಅದರಲ್ಲಿ ಏನೂ ಕಾಣಲಿಲ್ಲ. ಮೆಟ್ರೋ ಹತ್ತಿದೆವು, ಜಾಗ ಸಿಕ್ಕಿತು, ಮೂವರೂ ಸಾಲಾಗಿ ಕುಳಿತೆವು. ಸಿಕಂದರಾಬಾದ್ ದಾಟಿತು. ಮಾಮಾ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಶಿಕ್ಷೆಗೆ ಕಾದವರ ಹಾಗೆ ಕುಳಿತಿದ್ದರು. ಬೇಗಂಪೇಟೆ ಬರುವಾಗ ಮಾಮಿ ಕಿಟಕಿಯ ಕಡೆ ನೋಡುತ್ತಲೇ ಮಾತಾಡಿದರು.

“ಬ್ಯಾನಿ ನಂದು. ಹೇಳೂ ಮುಂದ ನನ್ನ ಒಂದು ಮಾತು ಕೇಳಬೇಕಿತ್ತು.”

“ಹೌದು” ಎಂದರು ಮಾಮಾ. “ತಪ್ಪಾತು.”

ನನ್ನ ಜನ್ಮದಲ್ಲಿ ಮಾಮಾನ ಬಾಯಿಂದ ಆ ಶಬ್ದ ಕೇಳಿರಲಿಲ್ಲ. ಮಾಮಿಯೂ ಕೇಳಿರಲಿಲ್ಲವೇನೋ, ತಿರುಗಿ ನೋಡಿದರು.

“ಹೇಳಿದ್ದು ಛಲೋನ ಆತು. ನನಗೂ ಆ ಥೈರಾಯ್ಡ್ ಸಾಕಾಗಿತ್ತು. ಬಂದ ಬಂದವರೆಲ್ಲಾ ಕುತ್ತಿಗಿ ನೋಡತಿದ್ರು. ಆದ್ರ ಕೇಳಬೇಕಿತ್ತು.”

ಎರಡು ವರ್ಷದಲ್ಲಿ ನಾವು ಕೇಳಿದ ಅತಿ ಉದ್ದದ ಮಾತು ಅದು. ಅದೂ ಬೈಗಳು! ಮಾಮಾ ಆ ಬೈಗಳನ್ನು ಯಾರೋ ಕೊಟ್ಟ ಪ್ರಸಾದದ ಹಾಗೆ ತಲೆ ಬಗ್ಗಿಸಿ ತೆಗೆದುಕೊಂಡರು. ಅಮೀರ್‌ಪೇಟೆಯಲ್ಲಿ ಗಾಡಿ ಬದಲಿಸುವಾಗ ಇಬ್ಬರೂ ನನ್ನನ್ನು ಮರೆತು ಮುಂದೆ ಹೋಗಿಬಿಟ್ಟರು.

ಕಥೆಯಾಗಿದ್ದರೆ ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಆ ಕಾಯಿಲೆ ಹಾಗೆ ಮಾತು ಕೇಳುವಂಥದ್ದಲ್ಲ. ಎಂಟು ವಾರ ಮುಗಿಯಿತು. ಫಲಿತಾಂಶ ಏನು ಎಂದು ಕೇಳಿದವರಿಗೆ ಮೇಡಂ, ಇನ್ನೂ ನೋಡುತ್ತಿದ್ದೇವೆ ಎನ್ನುತ್ತಿದ್ದರು. ಕಾಯುವ ಗುಂಪಿನವರೊಬ್ಬರು ಮಣ್ಣು ಮುಟ್ಟದೆಯೇ ಬಹಳ ಗೆಲುವಾಗಿದ್ದಾರೆ, ಅವರನ್ನು ಏನು ಮಾಡಬೇಕೋ ತಿಳಿಯದು ಎಂದು ನನ್ನ ಹತ್ತಿರ ಗೊಣಗಿದರು. ಯಾರೆಂದು ನಾನು ಕೇಳಲಿಲ್ಲ.

ಈಗ ಕಾದವರ ಸರದಿ. ಮೊದಲಿನವರೂ ಬೇಕಾದರೆ ಬರಬಹುದು ಎಂದಿದ್ದರಿಂದ ಇಬ್ಬರೂ ಕೂಡಿ ಹೋಗುವುದೆಂದು ಮಾತಾಗಿತ್ತು. ಮೊದಲ ದಿನ ರವಿವಾರ, ನಾನೂ ಬೆಳಿಗ್ಗೆಯೇ ಹೋದೆ. ಮಾಮಾ ಹಳೆಯ ಪ್ಯಾಂಟು ಹಾಕಿಕೊಂಡು, ಬೂಟು ಕಟ್ಟಿಕೊಂಡು ಮಂಚದ ಅಂಚಿನಲ್ಲಿ ಕುಳಿತಿದ್ದರು. ಮಾಮಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಹಿಂದಿನ ಮೂರು ದಿನದಿಂದ ಹಾಗೆಯೇ ಇದ್ದಾರಂತೆ. ಡಾಕ್ಟರಿಗೆ ಫೋನು ಮಾಡಿಯಾಗಿತ್ತು. ಹೀಗೆ ನಡುನಡುವೆ ಆಗುವುದುಂಟು, ಗುಳಿಗೆ ಬಿಡಬೇಡಿ, ಸೋಮವಾರ ಕರೆದುಕೊಂಡು ಬನ್ನಿ ಎಂದಿದ್ದರಂತೆ.

ಮಾಮಾ ಬೂಟಿನ ಲೇಸು ಬಿಚ್ಚತೊಡಗಿದರು. “ಇವತ್ತ ನಾನೂ ಹೋಗಾಂಗಿಲ್ಲ” ಎಂದರು ನನಗೆ. ನೌಕರಿಯಲ್ಲಿ ಒಂದು ದಿನ ಹಾಜರಿ ತಪ್ಪಿಸದ ಮನುಷ್ಯ.

“ಹೋಗ್ರಿ.” ಗೋಡೆಯ ಕಡೆಯಿಂದ ಬಂತು ಮಾತು.

“ನೀ ಹಿಂಗಿದ್ದಾಗ ನಾ ಹ್ಯಾಂಗ...”

“ಆಕೀ ಅದಾಳಲ್ಲ ಇಲ್ಲಿ. ನೀವು ಹೋಗಿ ಬರ್ರಿ.” ಉಸಿರು ಎಳೆದುಕೊಂಡು ಮಾಮಿ ಮತ್ತೆ ಅಂದರು. “ಬಂದು ನನಗ ಹೇಳ್ರಿ.”

ಮಾಮಾ ಲೇಸು ಕಟ್ಟಿದರು, ಬಿಚ್ಚಿದರು, ಕಟ್ಟಿದರು. ಹೋದರು.

ಒಂದೂವರೆ ತಾಸಿನ ಮೇಲೆ ಬಾಗಿಲು ಬಡಿಯಿತು. ನೋಡಿದರೆ ಮಾಮಾ, ಮೊಣಕೈವರೆಗೆ ಮಣ್ಣು, ಹಣೆಯ ಮೇಲೆ ಮಣ್ಣು, ಕನ್ನಡಕದ ಒಂದು ಗಾಜಿನ ಮೇಲೆ ಮಣ್ಣು. ಬೂಟು ಬಿಟ್ಟವರೇ ನೇರವಾಗಿ ಒಳಗೆ ಹೋಗಿ ಮಂಚದ ಪಕ್ಕ ನೆಲದ ಮೇಲೆ ಕುಳಿತು ಶುರುಮಾಡಿದರು. ಸಾಬವ್ವ ಬದನೆ ಸಸಿ ಕೊಟ್ಟಳು, ಮೊದಲನೆಯದು ಕೈಯಲ್ಲೇ ಮುರಿಯಿತು. ಎರಡನೆಯದನ್ನು ತಲೆಕೆಳಗಾಗಿ ನೆಡಲು ಹೋದೆ ಎಂದು ಎಲ್ಲರೂ ನಕ್ಕರು, ಸುಳ್ಳು, ಓರೆಯಾಗಿತ್ತು ಅಷ್ಟೇ. ನಿನ್ನ ಮೆಂತ್ಯ ಹೂವಿಗೆ ಬಂದಿದೆ, ಒಂದು ಸಾಲನ್ನು ಇರುವೆ ತಿಂದಿದೆ, ಅಕ್ಕೋರು ಎಲ್ಲಿ ಎಂದು ಸಾಬವ್ವ ಕೇಳಿದಳು. ಹೀಗೆ ಒಂದರ ಹಿಂದೆ ಒಂದು, ಉಸಿರುಗಟ್ಟಿ. ಮಾಮಾ ಇಷ್ಟು ಮಾತಾಡಬಲ್ಲರೆಂದು ನನಗೆ ಗೊತ್ತಿರಲಿಲ್ಲ.

ಮಾಮಿ ನಿಧಾನವಾಗಿ ಹೊರಳಿದರು. ಮಂಚದ ಅಂಚಿನಲ್ಲಿದ್ದ ಮಾಮಾನ ಕೈಯನ್ನು ನೋಡಿದರು.

“ಹಿಂಗ ಬಂದ್ರೇನು ರಸ್ತಾದಾಗ? ತೊಳಕೊಂಡು ಬರಬಾರದಾ?”

“ನೆನಪ ಆಗಲಿಲ್ಲ. ನಿನಗ ಹೇಳಬೇಕಿತ್ತಲ್ಲ.”

ಮಾಮಿ ಎದ್ದು ದಿಂಬಿಗೆ ಒರಗಿದರು. ತಲೆದೆಸೆಯಲ್ಲಿದ್ದ ನೀರಿನ ಲೋಟದಲ್ಲಿ ಸೆರಗಿನ ತುದಿ ಅದ್ದಿ, ಆ ಕೈಯನ್ನು ಎಳೆದುಕೊಂಡು, ಉಗುರಿನ ಸಂದಿಯ ಮಣ್ಣನ್ನು ಒಂದೊಂದೇ ಬೆರಳಿನಿಂದ ಒರೆಸತೊಡಗಿದರು. ಮಾಮಾ ಮಾತು ನಿಲ್ಲಿಸಿ ಶಾಲೆಯ ಹುಡುಗನ ಹಾಗೆ ಕೈಚಾಚಿ ಕುಳಿತರು. ಕನ್ನಡಕದ ಹಿಂದೆ ಕಣ್ಣುಗಳು ಒದ್ದೆಯಾಗಿದ್ದವು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ನಾನು ಚಹಾ ಮಾಡುವ ನೆಪದಿಂದ ಅಡುಗೆಮನೆಗೆ ಹೋದೆ. ಹಾಲು ಉಕ್ಕಿತು, ಆರಿಸಿದೆ, ಸೋಸಿದೆ, ಮೂರು ಕಪ್ಪು ತಟ್ಟೆಯಲ್ಲಿಟ್ಟುಕೊಂಡು ಬಂದೆ. ಮಾಮಿ ಇನ್ನೂ ಎರಡನೆಯ ಕೈ ಒರೆಸುತ್ತಿದ್ದರು.